ಕೃಪಾಂಕದ ಕಕ್ಷೆ

ರಾಯಚೂರು ಜಿಲ್ಲೆಯ ಹೈಸ್ಕೂಲು ಮಕ್ಕಳಿಂದಲೂ ಅಣಕು ಬಾಹ್ಯಾಕಾಶ ಯಾನ ಮಾಡಿಸಿ ಎಂದು ಯಾರಾದರೂ ಮನವಿ ಕೊಟ್ಟರೆ ಸರ್ಕಾರ ಗಾಬರಿಯಾಗಬೇಕಿಲ್ಲ. ‘ಈಗಾಗಲೇ ನಡೆಯುತ್ತಿದೆ, ಅದೂ ಅನುದಾನವಿಲ್ಲದೆ’ ಎಂದು ಹಿಂಬರಹ ಕೊಟ್ಟು ಕಡತ ಮುಗಿಸಬಹುದು.

ಅಮೆರಿಕದವರಿಗೆ ಇದೆಲ್ಲ ದುಬಾರಿ ಬಾಬತ್ತು. 1986ರಲ್ಲಿ ಚಾಲೆಂಜರ್ ನೌಕೆಯಲ್ಲಿ ಮಡಿದ ಏಳು ಮಂದಿಯ ಕುಟುಂಬದವರು ಕಟ್ಟಿದ ಸಂಸ್ಥೆ ಶಾಲಾ ಮಕ್ಕಳಿಗೆ ಇಂಥ ಯಾನ ಮಾಡಿಸುತ್ತದೆ. ಅರ್ಧ ಮಕ್ಕಳು ನೌಕೆಯಲ್ಲಿ, ಅರ್ಧ ಮಕ್ಕಳು ನಿಯಂತ್ರಣ ಕೊಠಡಿಯಲ್ಲಿ. ನಡುವೆ ಬೇಕಂತಲೇ ಒಂದು ಆಪತ್ತು. ನಮ್ಮಲ್ಲಿ ಆಪತ್ತನ್ನು ತಯಾರಿಸುವ ಖರ್ಚೇ ಇಲ್ಲ. ಹತ್ತಿ ಬಿಡಿಸುವ ಕಾಲ ಬಂತೆಂದರೆ ದೇವದುರ್ಗದ ಹಳ್ಳಿಗಳಲ್ಲಿ ಸಿಬ್ಬಂದಿ ನೌಕೆಯಿಂದ ಮಾಯ. ಕೆಲವರು ಅಪ್ಪ-ಅವ್ವನ ಹಿಂದೆ ಬೆಂಗಳೂರಿಗೆ ಗುಳೆ. ಮಾನ್ವಿಯಲ್ಲಿ ನೀರಿಲ್ಲದೆ ಬದುಕುವ ಅಭ್ಯಾಸವನ್ನು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಭಾಗ ನೋಡಿಕೊಳ್ಳುತ್ತದೆ. ಶಾಖದ ಪರೀಕ್ಷೆಗೆ 40 ಡಿಗ್ರಿ ದಾಟುವ ರಾಯಚೂರಿನ ಬೇಸಿಗೆ ಧಾರಾಳವಾಯಿತು. ಸಂಪರ್ಕ ಕಡಿತದ ತರಬೇತಿ ಬೇಕೆ? ಇಸ್ರೊ 2019ರಲ್ಲಿ ಶುರು ಮಾಡಿದ ‘ಯುವಿಕಾ’ ಶಿಬಿರದ ಆಯ್ಕೆಯಲ್ಲಿ ಹಳ್ಳಿ ಶಾಲೆಯ ಮಕ್ಕಳಿಗೆ ಹೆಚ್ಚುವರಿ ಅಂಕವುಂಟು. ಅರ್ಜಿ, ರಸಪ್ರಶ್ನೆ ಮಾತ್ರ ಆನ್‌ಲೈನ್. ಇನ್ನು ಹುದ್ದೆ ಖಾಲಿ ಬಿದ್ದ ಶಾಲೆಯಲ್ಲಿ ಒಬ್ಬ ಅತಿಥಿ ಶಿಕ್ಷಕರೇ ಪೈಲಟ್, ಎಂಜಿನಿಯರ್, ವೈದ್ಯ. ಅವರ ಗೌರವಧನವಂತೂ ಯಾವಾಗಲೂ ಭೂಮಿಯಿಂದ ಬಹುದೂರ.

ಕೊರತೆ ಇರುವುದು ಒಂದೇ. ನಾಸಾದ ನಿಯಂತ್ರಣ ಕೇಂದ್ರವಿರುವ ಹ್ಯೂಸ್ಟನ್‌ನಲ್ಲಿ ಆಪತ್ತು ತಂದೊಡ್ಡುವವನಿಗೂ ಒಂದು ಹುದ್ದೆಯಿದೆ, ಹೆಸರಿದೆ. 1969ರ ಜುಲೈ ಆರಂಭದಲ್ಲಿ ಡಿಕ್ ಕೂಸ್ ಎಂಬಾತ ಅಪೊಲೊ 11ರ ಅಣಕು ಇಳಿತದ ನಡುವೆ ಕಂಪ್ಯೂಟರಿನ ಎಚ್ಚರಿಕೆಯೊಂದನ್ನು ಮೊಳಗಿಸಿದ. ನಿಯಂತ್ರಣ ಕೊಠಡಿಯಲ್ಲಿದ್ದ ಸ್ಟೀವ್ ಬೇಲ್ಸ್ ಇಳಿತವನ್ನೇ ರದ್ದು ಮಾಡಿಬಿಟ್ಟ. ಆಮೇಲೆ ಎಲ್ಲರೂ ಒಂದೆಡೆ ಕೂತು ಪರಾಮರ್ಶಿಸಿದರು. ರದ್ದು ಮಾಡಬೇಕಿರಲಿಲ್ಲ ಎಂಬುದು ತಿಳಿಯಿತು. ಎಚ್ಚರಿಕೆಗಳ ಪಟ್ಟಿ ಸಿದ್ಧವಾಯಿತು. ಜುಲೈ 20ರಂದು ಚಂದ್ರನ ಸನಿಹ 1202 ಎಂಬ ಎಚ್ಚರಿಕೆ ನಿಜವಾಗಿಯೇ ಬಂದಾಗ ಪಟ್ಟಿ ಕೈಯಲ್ಲಿತ್ತು. ನೌಕೆ ಇಳಿಯಿತು.

ಪಟ್ಟಿ ನಮ್ಮಲ್ಲೂ ಇತ್ತು. 2002ರಲ್ಲೇ ಪ್ರಾದೇಶಿಕ ಅಸಮಾನತೆ ಅಳೆದ ನಂಜುಂಡಪ್ಪ ವರದಿ ದೇವದುರ್ಗವನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ ಎಣಿಸಿತ್ತು. 2013ರಲ್ಲಿ ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ವಿಧಿ ಕೂಡ ಬಂತು. ಗಂಟೆ ಇನ್ನೂ ಹೊಡೆದುಕೊಳ್ಳುತ್ತಲೇ ಇದೆ. ಆಪತ್ತು ಒಡ್ಡಿದವರು ಪರಾಮರ್ಶೆಗೆ ಕೂರುವುದಿಲ್ಲ; ಫೇಲಾಗುವುದು ಹುಡುಗ, ನೋಟಿಸು ಹೆಡ್‌ಮಾಸ್ತರರಿಗೆ.

ಬದಲಿಗೆ ನಾವು ಕಂಡುಹಿಡಿದ ತಂತ್ರಜ್ಞಾನವೇ ಬೇರೆ. 2024ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕಣ್ಣು ಬಿತ್ತು, ಫಲಿತಾಂಶ ಕುಸಿಯಿತು. ತಕ್ಷಣ ಕೃಪಾಂಕ ಶೇ 10ರಿಂದ 20ಕ್ಕೆ ಏರಿತು, ಅದನ್ನು ಪಡೆಯಲು ಬೇಕಾದ ಅರ್ಹತೆ ಶೇ 35ರಿಂದ 25ಕ್ಕೆ ಇಳಿಯಿತು. ಇಷ್ಟಾದರೂ ಹಿಂದಿನ ವರ್ಷ ಶೇ 83.89 ಇದ್ದ ಫಲಿತಾಂಶ 73.40ರಲ್ಲಿ ನಿಂತಿತು. 2025ರ ಅಕ್ಟೋಬರ್‌ನಲ್ಲಿ ಪಾಸಾಗುವ ಮಟ್ಟವನ್ನೇ ಶೇ 33ಕ್ಕೆ ಇಳಿಸುವುದಾಗಿ ಘೋಷಣೆಯಾಯಿತು. ರಾಕೆಟ್ ಮೇಲೇರದಿದ್ದರೆ ಕಕ್ಷೆಯನ್ನೇ ಕೆಳಗಿಳಿಸುವುದು!

ಪಾಪ, ಇಸ್ರೊಗೆ ಈ ವಿದ್ಯೆ ಗೊತ್ತಿಲ್ಲ. 2022ರ ಆಗಸ್ಟ್ 7ರಂದು ಸರ್ಕಾರಿ ಶಾಲೆಗಳ 750 ಹೆಣ್ಣುಮಕ್ಕಳು ಕೈಹಾಕಿ ಮಾಡಿದ ಆಜಾದಿಸ್ಯಾಟ್ ಉಪಗ್ರಹ ಹೊತ್ತು ಎಸ್‌ಎಸ್‌ಎಲ್‌ವಿ ರಾಕೆಟ್ ಮೇಲೆ ಹೋಯಿತು. ಭೂಮಿಯಿಂದ 356 ಕಿ.ಮೀ. ಎತ್ತರದ ವೃತ್ತ ಕಕ್ಷೆಗೆ ಸೇರಬೇಕಿದ್ದದ್ದು, ಒಂದು ತುದಿಯಲ್ಲಿ ಭೂಮಿಗೆ 76 ಕಿ.ಮೀ.ವರೆಗೆ ಬರುವ ಹಾದಿಗೆ ಬಿತ್ತು. ‘76 ಬಂದಿದೆ, ಫಸ್ಟ್ ಕ್ಲಾಸು’ ಎಂದು ಲಡ್ಡು ಹಂಚಬಹುದಿತ್ತು. ಅವರು ಸೋಲನ್ನು ಒಪ್ಪಿದರು, ಸಮಿತಿ ಕೂರಿಸಿದರು, ಕಾರಣ ಹೇಳಿದರು, 2023ರ ಫೆಬ್ರುವರಿ 10ರಂದು ಎರಡನೆಯ ಆಜಾದಿಸ್ಯಾಟನ್ನು ಕಕ್ಷೆಗೆ ಮುಟ್ಟಿಸಿದರು.

ಆದ್ದರಿಂದ ನಮ್ಮ ಮಕ್ಕಳಿಗೆ ಯಾನ ಸಾಕು, ಪರಾಮರ್ಶೆ ಮಾಡಿಸಿ. ಜಾಗ ದೇವದುರ್ಗದ್ದೋ ಮಾನ್ವಿಯದ್ದೋ ಯಾವುದಾದರೂ ಸರ್ಕಾರಿ ಹೈಸ್ಕೂಲು. ಬೆಂಚಿನ ಮೇಲೆ ಇಲಾಖೆಯ ಸಾಹೇಬರು, ಶಾಸಕರು, ಮಂತ್ರಿಗಳು. ಕುರ್ಚಿಯಲ್ಲಿ ಹತ್ತನೇ ತರಗತಿ. ಗಣಿತದ ಮಾಸ್ತರು ಎಷ್ಟು ವರ್ಷದಿಂದ ಇಲ್ಲ, ಯಾಕಿಲ್ಲ, ಯಾರು ತಡೆದರು? ಎಲ್ಲ ಪ್ರಶ್ನೆಗೂ ಉತ್ತರ ಕಡ್ಡಾಯ, ವೆಬ್‌ಕಾಸ್ಟಿಂಗ್ ಇರುತ್ತದೆ. ಕೃಪಾಂಕ ಇಲ್ಲ.