ಸ್ಕಿಲ್ ದೊಡ್ಡಪ್ಪ

ನನ್ನ ಷಡ್ಡಕರು ಆಟಿಕೆ ಅಂಗಡಿಯಲ್ಲಿ ಆಟಿಕೆಯ ಮುಖ ನೋಡುವುದಿಲ್ಲ. ಡಬ್ಬಿ ಕೈಗೆ ಬಂದದ್ದೇ ಅದನ್ನು ಬೋರಲು ಹಾಕಿ, ಕನ್ನಡಕ ಹಣೆಗೇರಿಸಿ, ಔಷಧಿ ಬಾಟಲಿಯ ಮೇಲೆ ಎಕ್ಸ್‌ಪೈರಿ ಡೇಟ್ ಹುಡುಕುವವರ ಹಾಗೆ ಹಿಂಬದಿಯ ಸಣ್ಣಕ್ಷರ ಓದುತ್ತಾರೆ. ಮೊದಲು ಐಎಸ್‌ಐ ಗುರುತು, ಆಮೇಲೆ ವಯಸ್ಸು, ಕಡೆಗೆ ಹಸಿರು ಟಿಕ್ ಹಾಕಿ ಪಟ್ಟಿ ಮಾಡಿರುವ ಸ್ಕಿಲ್ಲುಗಳು. ಐದು ಸ್ಕಿಲ್ಲಿಗಿಂತ ಕಡಿಮೆಯಿದ್ದರೆ ಡಬ್ಬಿ ವಾಪಸ್ ಶೆಲ್ಫಿಗೆ.

ಮೊದಲೆರಡರ ವಿಷಯದಲ್ಲಿ ನಾನು ನಗುವ ಹಾಗಿಲ್ಲ. 2021ರ ಜನವರಿಯಿಂದ ಅಂಗಡಿ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ಇನ್ನು, ಮೂರು ವರ್ಷ ತುಂಬದ ಮಗುವಿನ ಕೈಗೆ ಗಂಟಲಲ್ಲಿ ಸಿಕ್ಕಿಕೊಳ್ಳುವಂಥ ಚೂರುಪಾರು ಕೊಡಬಾರದೆಂದು ನಮ್ಮ ಬಳಗಕ್ಕೆಲ್ಲ ಹೇಳಿಕೊಟ್ಟವರೇ ಅವರು. ನನ್ನ ತಕರಾರೇನಿದ್ದರೂ ಆ ಹಸಿರು ಟಿಕ್ಕುಗಳ ಬಗ್ಗೆ.

ನನ್ನ ಮಗಳು ಪುಟ್ಟಿ ಅವರಿಗೆ ಸ್ಕಿಲ್ ದೊಡ್ಡಪ್ಪ ಎಂದು ಹೆಸರಿಟ್ಟದ್ದು ಅವಳ ನಾಲ್ಕನೇ ಹುಟ್ಟುಹಬ್ಬದ ದಿನ. ಮಣಿ ಪೋಣಿಸುವ ಆಟದ ಡಬ್ಬಿಯೊಂದನ್ನು ತಂದಿದ್ದರು. ಮಗು ಬಣ್ಣದ ಕಾಗದ ಹರಿಯುವ ಮೊದಲೇ, "ಇದರಿಂದ ಫೈನ್ ಮೋಟಾರ್ ಸ್ಕಿಲ್ಸ್ ಬರುತ್ತೆ, ಗೊತ್ತಾ ಪುಟ್ಟಿ?" ಎಂದರು. ಮೋಟಾರ್ ಎಂಬ ಮಾತು ಕೇಳಿದ್ದೇ ಅವಳ ಕಣ್ಣು ಅರಳಿತು. ಡಬ್ಬಿ ಸುರಿದಳು, ಮಣಿಗಳನ್ನೆಲ್ಲ ಕೆದಕಿದಳು, ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಕೊನೆಗೆ ಅಳುಮುಖ ಮಾಡಿಕೊಂಡು, "ದೊಡ್ಡಪ್ಪ, ಮೋಟಾರ್ ಹಾಕೋದು ಮರೆತಿದಾರೆ" ಎಂದಳು. ಅಂಗಡಿಯವನಿಗೆ ಫೋನ್ ಮಾಡಿ ಎಂದು ಹಟ ಹಿಡಿದಳು. ಬೆರಳುಗಳ ಸೂಕ್ಷ್ಮ ಚಲನೆಯೇ ಆ ಮೋಟಾರ್ ಎಂದು ಅವರು ಕಾಲು ಗಂಟೆ ವಿವರಿಸಿದರು. ಅಷ್ಟರಲ್ಲಿ ಕೇಕಿನ ಮೇಲಿನ ಮೇಣದಬತ್ತಿ ತಾನಾಗಿಯೇ ಆರಿಹೋಗಿತ್ತು.

ಕೇಕ್ ಕಾಯುವಾಗ ಹೇಳುವುದಕ್ಕೆಂದೇ ಅವರ ಬಳಿ ಒಂದು ಕಥೆಯೂ ಇದೆ. ಅಮೆರಿಕದ ಹೆಸರಾಂತ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್‌ಗೆ ಚಿಕ್ಕಂದಿನಲ್ಲಿ ಅವನ ತಾಯಿ ಮರದ ತುಂಡುಗಳನ್ನು ತಂದುಕೊಟ್ಟಿದ್ದಳು. ಕಿಂಡರ್‌ಗಾರ್ಟನ್ ಶುರುಮಾಡಿದ ಜರ್ಮನಿಯ ಫ್ರೋಬೆಲ್ ರೂಪಿಸಿದ ತುಂಡುಗಳು ಅವು. ಅವುಗಳ ಉಪಕಾರವನ್ನು ರೈಟ್ ಮುಪ್ಪಿನಲ್ಲೂ ನೆನೆದ. ಕಥೆಯೇನೋ ನಿಜ. ಆದರೆ ಅದನ್ನು ಹೇಳುವಾಗ ಅವರು ನಮ್ಮ ಪುಟ್ಟಿಯನ್ನು ನೋಡುವ ನೋಟವಿದೆಯಲ್ಲ, ಸಂಜೆಯೊಳಗೆ ಅವಳು ಒಂದು ಮ್ಯೂಸಿಯಂ ಕಟ್ಟಿಕೊಡಬೇಕು ಎನ್ನುವ ಹಾಗಿರುತ್ತದೆ.

ಈ ಗೀಳು ಅವರಿಂದಲೇ ಶುರುವಾದದ್ದಲ್ಲ ಎನ್ನಿ. ದಾಳಗಳ ಮೇಲೆ ಅಕ್ಷರ ಅಂಟಿಸಿ ಮಕ್ಕಳಿಗೆ ಓದು ಕಲಿಸಬಹುದೆಂದು ಇಂಗ್ಲೆಂಡಿನ ಜಾನ್ ಲಾಕ್ 1693ರಲ್ಲೇ ಬರೆದಿದ್ದ. ಪುಣ್ಯಾತ್ಮ, ಅದು ಮಗುವಿಗೆ ಆಟವಾಗಿಯೇ ಇರಬೇಕು, ಕೆಲಸ ಅನ್ನಿಸಕೂಡದು ಎಂದೂ ಸೇರಿಸಿದ್ದ. ನಮ್ಮವರು ಮೊದಲರ್ಧ ಓದಿ ಪುಸ್ತಕ ಮುಚ್ಚಿದವರು.

ಕೊಡುವುದಷ್ಟೇ ಆಗಿದ್ದರೆ ಹೇಗೋ ಆಗುತ್ತಿತ್ತು. ಅವರು ಪಕ್ಕದಲ್ಲೇ ಚಕ್ಕಳಮಕ್ಕಳ ಹಾಕಿ ಕೂರುತ್ತಾರೆ. "ಹಾಗಲ್ಲ ಪುಟ್ಟಿ, ಹೀಗೆ" ಎಂದು ಕೈಯಿಂದ ತೆಗೆದುಕೊಳ್ಳುತ್ತಾರೆ. ಒಮ್ಮೆ ತೆಗೆದುಕೊಂಡದ್ದು ಹಿಂದಕ್ಕೆ ಬರುವುದು ಕಷ್ಟ. ರೂಬಿಕ್ ತನ್ನ ಕ್ಯೂಬನ್ನು 1974ರಲ್ಲಿ ತಾನೇ ಮಾಡಿ, ತಾನೇ ಬಿಡಿಸಲಾಗದೆ ಸುಮಾರು ಒಂದು ತಿಂಗಳು ಒದ್ದಾಡಿದನಂತೆ. ಪುಟ್ಟಿಗೆಂದು ತಂದ ಕ್ಯೂಬು ಮೂರು ವರ್ಷದಿಂದ ದೊಡ್ಡಪ್ಪನ ಕಾರಿನಲ್ಲೇ ಇದೆ. ಸಿಗ್ನಲ್ಲಿನಲ್ಲಿ ನಿಂತಾಗಲೆಲ್ಲ ಒಂದೆರಡು ಸುತ್ತು ತಿರುಗಿಸುತ್ತಾರೆ. ಹಿಂದಿನವರು ಹಾರ್ನ್ ಹೊಡೆಯುತ್ತಾರೆ.

ಅವರನ್ನು ಮಾತಿನಲ್ಲಿ ಕಟ್ಟಿಹಾಕಿದವರು ನನಗೆ ಗೊತ್ತಿದ್ದಂತೆ ಇಬ್ಬರೇ. ಒಬ್ಬರು ಅವರ ಅಮ್ಮ. ಒಮ್ಮೆ ಅವರು ಮಂಕಾಲ ಎಂಬ ಆಟ ತರಿಸಿದರು. ಒಳ್ಳೆ ಮರದ ಹಲಗೆ, ಗಾಜಿನ ಹರಳು, ಹಿಂಬದಿಯಲ್ಲಿ ಏಳು ಟಿಕ್ಕು. ಅಜ್ಜಿ ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು ಗುಳಿ ಎಣಿಸಿದರು. ಈ ಕಡೆ ಆರು, ಆ ಕಡೆ ಆರು.

"ಎಷ್ಟು ಕೊಟ್ಟೆ ಇದಕ್ಕೆ?"

ಮಗ ಹೇಳಿದರು.

"ಅಳಗುಳಿಮಣೆಗೆ ಹದಿನಾಲ್ಕು ಗುಳಿ ಕಣೋ. ಎರಡು ಕಡಿಮೆ ಕೊಟ್ಟು ಮೋಸ ಮಾಡಿದಾನೆ. ಹೋಗಿ ವಾಪಸ್ ಕೊಟ್ಟು ಬಾ."

ಹದಿನಾಲ್ಕು ಗುಳಿಯದ್ದು ಅವರದೇ ಮನೆಯ ಅಟ್ಟದಲ್ಲಿ ಹಳೆಯ ಹಿತ್ತಾಳೆ ಪಾತ್ರೆಗಳ ನಡುವೆ ಬಿದ್ದಿತ್ತು. ಇಳಿಸಿದರು. ಹರಳಿನ ಬದಲು ಹುಣಸೆಬೀಜ ಬಂತು. ಅಜ್ಜಿಗೆ ಯಾವ ಸ್ಕಿಲ್ಲನ್ನೂ ಬೆಳೆಸುವ ಇರಾದೆ ಇರಲಿಲ್ಲ, ಗೆಲ್ಲುವ ಇರಾದೆ ಮಾತ್ರ ಇತ್ತು. ಮೊಮ್ಮಗಳ ಮೇಲೆ ಒಂದಿಷ್ಟೂ ಕರುಣೆ ತೋರಿಸಲಿಲ್ಲ. ನಾಲ್ಕನೇ ಆಟದ ಹೊತ್ತಿಗೆ ಪುಟ್ಟಿ ಬೀಜ ಹಾಕುವ ಮೊದಲೇ ಕೊನೆಯದು ಎಲ್ಲಿ ಬೀಳುತ್ತದೆಂದು ಕಣ್ಣಲ್ಲೇ ಎಣಿಸತೊಡಗಿದ್ದಳು. ದೊಡ್ಡಪ್ಪ ಹಿಂದೆ ನಿಂತು ಮಂಕಾಲದ ಡಬ್ಬಿ ಓದುತ್ತಿದ್ದರು.

ಇನ್ನೊಬ್ಬರು ಚನ್ನಪಟ್ಟಣದ ಅಂಗಡಿಯವರು. ಮೈಸೂರಿಗೆ ಹೊಸ ರಸ್ತೆ ಆದಮೇಲೆ ಕಾರುಗಳು ಊರಿಗೆ ಹೋಗದೆ ಹೊರಗಿನಿಂದಲೇ ಹಾರಿಹೋಗುತ್ತವೆ. ಷಡ್ಡಕರು ಮಾತ್ರ ಹಟ ಮಾಡಿ ಹಳೇ ರಸ್ತೆಗೆ ಇಳಿಸಿದರು. ಆ ಋಣ ಅವರ ಮೇಲಿದೆ. ಅಂಗಡಿಯ ಹಿಂದೆಯೇ ಕಡೆಯುವ ಯಂತ್ರ. ತಿರುಗುತ್ತಿರುವ ಆಲೆಮರದ ತುಂಡಿಗೆ ಅರಗಿನ ಕಡ್ಡಿ ಒತ್ತಿದರೆ ಸಾಕು, ಉಜ್ಜಾಟದ ಬಿಸಿಗೆ ಅರಗು ಕರಗಿ ಬಣ್ಣ ತಾನೇ ಹರಡಿಕೊಳ್ಳುತ್ತದೆ. ಆಮೇಲೆ ತಾಳೆಗರಿ ಒತ್ತಿ ಮೆರುಗು ಕೊಡುತ್ತಾರೆ. ಪುಟ್ಟಿ ಬಾಯಿ ತೆರೆದುಕೊಂಡು ನಿಂತುಬಿಟ್ಟಳು. ಷಡ್ಡಕರು ಹಳದಿ, ಕೆಂಪು ಪಟ್ಟೆಯ ಬುಗುರಿಯೊಂದನ್ನು ಎತ್ತಿಕೊಂಡರು. ಅಭ್ಯಾಸಬಲ, ಬೋರಲು ಹಾಕಿ ನೋಡಿದರು. ಏನೂ ಬರೆದಿರಲಿಲ್ಲ.

"ಇದು ಏನ್ ಕಲಿಸುತ್ತೆ?"

ಅಂಗಡಿಯವರು ಒಂದು ಗಳಿಗೆ ಯೋಚಿಸಿದರು. "ತಿರುಗುತ್ತೆ ಸಾರ್."

"ಅದು ಸರಿ. ಮಗುಗೆ ಏನು ಉಪಯೋಗ?"

"ತಿರುಗಿಸ್ಬೋದು ಸಾರ್."

ಡಬ್ಬಿಯೂ ಇರಲಿಲ್ಲ. ಹಳೇ ಪೇಪರಿನಲ್ಲಿ ಸುತ್ತಿಕೊಟ್ಟರು. ಮದ್ದೂರು ದಾಟುವವರೆಗೂ ಷಡ್ಡಕರು ಆ ಪೇಪರನ್ನೇ ತಿರುಗಿಸಿ ಮುರುಗಿಸಿ ಓದುತ್ತಿದ್ದರು.

ಹೋದ ಭಾನುವಾರ ಮನೆಗೆ ಬಂದಾಗ ಪುಟ್ಟಿ ಬಸ್ ಓಡಿಸುತ್ತಿದ್ದಳು. ಈಗ ಅವಳಿಗೆ ಏಳು ವರ್ಷ. ಊಟದ ಮೇಜಿನ ಕುರ್ಚಿಗಳು ಸಾಲಾಗಿ ನಿಂತಿದ್ದವು, ಹೆಗಲಲ್ಲಿ ನನ್ನ ಹೆಂಡತಿಯ ವ್ಯಾನಿಟಿ ಬ್ಯಾಗು. ಟಿಕೆಟ್ ಮಷೀನು ಯಾವುದು ಅಂತೀರಿ? ದೊಡ್ಡಪ್ಪ ಕೊಟ್ಟ ಹದಿನೇಳು ಕಡ್ಡಿಯ ಅಬಾಕಸ್. ಅದರ ಮಣಿಗಳ ಮೇಲೆ ಬೆರಳೆಳೆದರೆ ಟರ್ರ್ ಎಂದು ಥೇಟ್ ಮಷೀನಿನ ಸದ್ದೇ. ಟಿಕೆಟ್ಟುಗಳು ಅವರೇ ಕೊಟ್ಟ ಪ್ರಾಣಿಗಳ ಫ್ಲ್ಯಾಶ್ ಕಾರ್ಡುಗಳು.

ದೊಡ್ಡಮ್ಮ ಮೊದಲು ಹತ್ತಿದರು. "ಆಧಾರ್ ತೋರ್ಸಿ" ಎಂದಳು ಕಂಡಕ್ಟರು. ತೋರಿಸಿದ ಮೇಲೆ ಟರ್ರ್, ಒಂದು ಆನೆ, ಫ್ರೀ. ಆಮೇಲೆ ದೊಡ್ಡಪ್ಪ.

"ಪುಟ್ಟಿ, ಅಬಾಕಸ್ಸನ್ನ ಹಾಗೆ..."

"ಎಲ್ಲಿಗೆ ಹೇಳಿ ಸಾರ್, ಹಿಂದೆ ಜನ ಇದಾರೆ."

ಹಿಂದೆ ಯಾರೂ ಇರಲಿಲ್ಲ. ಆದರೂ ಅವರು ಒಮ್ಮೆ ತಿರುಗಿ ನೋಡಿ, "ಚನ್ನಪಟ್ಟಣ" ಎಂದರು. ಮೂವತ್ತೇಳು ರೂಪಾಯಿ. ಜೇಬಿನಿಂದ ನಿಜವಾದ ನೂರರ ನೋಟೇ ಕೊಟ್ಟರು.

"ಚಿಲ್ಲರೆ ಕೊಡಿ ಸಾರ್."

"ಇಲ್ವಲ್ಲಮ್ಮ."

ಕಂಡಕ್ಟರು ನಿಟ್ಟುಸಿರು ಬಿಟ್ಟಳು. ಅಬಾಕಸ್ ಟಿಕೆಟ್ ಮಷೀನಾದ್ದರಿಂದ ಲೆಕ್ಕಕ್ಕೆ ಬಳಸುವಂತಿರಲಿಲ್ಲ. ಬೆರಳು ಮಡಚಿ, ಬಿಡಿಸಿ, ಮತ್ತೆ ಮಡಚಿ, ಖಡ್ಗಮೃಗದ ಬೆನ್ನ ಹಿಂದೆ ಸ್ಕೆಚ್ ಪೆನ್ನಿನಲ್ಲಿ 63 ಎಂದು ಬರೆದು ಕೈಗಿತ್ತಳು. "ಇಳಿಯೋವಾಗ ಇಸ್ಕೊಳ್ಳಿ." ಷಡ್ಡಕರು ಕಾರ್ಡನ್ನು ತಿರುಗಿಸಿ ಹಿಂಬದಿ ಓದಿದರು. ಏನೋ ಹೇಳಲು ಬಾಯಿ ತೆರೆದರು. "ರೈಟ್!" ಎಂದು ಕೂಗು ಬಿತ್ತು, ಬಸ್ ಹೊರಟಿತು. ಅವರು ಮುಂದಿನ ಕುರ್ಚಿಯ ಬೆನ್ನು ಗಟ್ಟಿಯಾಗಿ ಹಿಡಿದುಕೊಂಡರು.

ರಾತ್ರಿ ಒಂಬತ್ತೂವರೆಗೆ ಅವರ ಫೋನು.

"ಕಂಡಕ್ಟರ್ ಮಲಗಿದಾರಾ?"

"ಆಗಲೇ. ಯಾಕೆ ಭಾವ?"

"ಏನಿಲ್ಲ, ಇಳಿಯೋ ಗಡಿಬಿಡೀಲಿ ಚಿಲ್ಲರೆ ಇಸ್ಕೊಳ್ಳೋದು ಮರೆತೆ. ಟಿಕೆಟ್ ನನ್ ಹತ್ರಾನೇ ಇದೆ ಅಂತ ಹೇಳು."