ಖಾತಾಪ್ರವೇಶ ಮೀಮಾಂಸೆ

ಶಾಸ್ತ್ರಗ್ರಂಥವೆಂದ ಮೇಲೆ ವಿಷಯ, ಪ್ರಯೋಜನ, ಅಧಿಕಾರಿ, ಸಂಬಂಧ ಎಂಬ ನಾಲ್ಕನ್ನು ಮೊದಲೇ ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ. ಈ ಗ್ರಂಥದ ವಿಷಯ: ಹಳೆಯ ಬ್ಯಾಂಕಿನಲ್ಲಿ ಹೆಸರು ಕೆಡಿಸಿಕೊಂಡವನು ಹೊಸ ಬ್ಯಾಂಕಿನಲ್ಲಿ ಖಾತೆ ತೆರೆಯುವ ಬಗೆ. ಪ್ರಯೋಜನ: ಸಂಬಳ ಬಂದು ಬೀಳಲು ಒಂದು ಜಾಗ. ಅಧಿಕಾರಿ, ಅಂದರೆ ಇದನ್ನು ಓದಲು ಅರ್ಹನಾದವನು: ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದರೆ ಎತ್ತದವನು. ಸಂಬಂಧ: ಬ್ಯಾಂಕಿಗೂ ಅವನಿಗೂ ಸದ್ಯಕ್ಕೆ ಯಾವುದೂ ಇಲ್ಲ. ನಗರಪಾಲಿಕೆ ಆಸ್ತಿಗೆ ಕೊಡುವ ಎ ಖಾತಾ, ಬಿ ಖಾತಾಗಳು ಇಲ್ಲಿ ಬರುವುದಿಲ್ಲ. ಅವು ಮೋಕ್ಷಶಾಸ್ತ್ರದ ಪಾಲಿಗೆ ಸೇರಿದವು.

ಇನ್ನು ಕ್ಷೇತ್ರಮಹಿಮೆ. ನಮ್ಮ ಅಧ್ಯಯನದ ಕ್ಷೇತ್ರ ಬೆಂಗಳೂರಿನ ಜೀವನ್ ಬಿಮಾ ನಗರ. ಒಂದು ಮಗ್ಗುಲಿಗೆ ಇಂದಿರಾನಗರ, ಇನ್ನೊಂದು ಮಗ್ಗುಲಿಗೆ ತಿಪ್ಪಸಂದ್ರ, ತಲೆಯ ಮೇಲೆ ಆಗಾಗ ಎಚ್‌ಎಎಲ್‌ನ ವಿಮಾನ. 245 ಸಂಸ್ಥೆಗಳನ್ನು ಒಟ್ಟುಗೂಡಿಸಿ 1956ರ ಸೆಪ್ಟೆಂಬರ್ 1ರಂದು ಹುಟ್ಟಿದ ಜೀವವಿಮಾ ನಿಗಮದ ಹೆಸರನ್ನು ಹೊತ್ತ ಬಡಾವಣೆ ಇದು. ಆ ನಿಗಮ ತನ್ನ ಧ್ಯೇಯವಾಕ್ಯವನ್ನು ಆರಿಸಿಕೊಂಡದ್ದು ಗೀತೆಯಿಂದ. ಅದರ ನಡವಳಿಕೆಯಲ್ಲೂ ಸ್ವಲ್ಪ ಗೀತೆಯ ವಾಸನೆಯಿದೆ. ಕಂತು ಕಟ್ಟದೆ ಪಾಲಿಸಿ ಲ್ಯಾಪ್ಸ್ ಆದರೂ, ಕಟ್ಟದ ಮೊದಲ ಕಂತಿನಿಂದ ಐದು ವರ್ಷದೊಳಗೆ ಬಡ್ಡಿಯೊಂದಿಗೆ ಬಾಕಿ ತೀರಿಸಿದರೆ ಅದಕ್ಕೆ ಮರುಜೀವ ಬರಬಹುದು. ಪುನರ್ಜನ್ಮದಲ್ಲಿ ಇಷ್ಟು ಗಟ್ಟಿಯಾದ ನಂಬಿಕೆಯುಳ್ಳ ಸಂಸ್ಥೆಯ ಹೆಸರಿನ ಬಡಾವಣೆಯಲ್ಲೇ, ಪುನರ್ಜನ್ಮವನ್ನು ಒಪ್ಪದ ಬ್ಯಾಂಕ್ ಶಾಖೆಗಳು ಸಾಲುಸಾಲಾಗಿ ನಿಂತಿವೆ. ಈ ಎರಡು ದರ್ಶನಗಳ ನಡುವೆ ಸಿಕ್ಕಿಬಿದ್ದವನೇ ನಮ್ಮ ನಾಯಕ.

ಅವನ ಪತನ ಹೇಗಾಯಿತು? ಈ ಭಾಗದಲ್ಲಿ ಪಾಪ ಹುಟ್ಟುವುದು ದುಂದಿನಿಂದಲ್ಲ, ಕೆಲಸ ಬದಲಾಯಿಸುವುದರಿಂದ. ಹುಡುಗ ಬಾಗ್ಮನೆ ಟೆಕ್ ಪಾರ್ಕಿನಲ್ಲಿ ಒಂದು ಕಂಪನಿಗೆ ಸೇರುತ್ತಾನೆ. ಕಂಪನಿ ಹೇಳಿದ ಬ್ಯಾಂಕಿನಲ್ಲಿ ಸಂಬಳದ ಖಾತೆ. ಆಮೇಲೆ ದೊಮ್ಮಲೂರಿನ ಕಡೆ ಇನ್ನೊಂದು ಕಂಪನಿ, ಇನ್ನೊಂದು ಬ್ಯಾಂಕ್. ಸಂಬಳ ಬರುವುದು ನಿಂತ ಹಳೆಯ ಖಾತೆ ಕೆಲವು ತಿಂಗಳಲ್ಲಿ ಸದ್ದಿಲ್ಲದೆ ಮಾಮೂಲಿ ಉಳಿತಾಯ ಖಾತೆಯಾಗುತ್ತದೆ. ಅದಕ್ಕೆ ಕನಿಷ್ಠ ಶಿಲ್ಕು ಇರಬೇಕು. ಇಲ್ಲದಿದ್ದರೆ ದಂಡ, ದಂಡಕ್ಕೆ ಜಿಎಸ್‌ಟಿ. ಹಣವಿಲ್ಲದವನಿಂದ, ಹಣವಿಲ್ಲ ಎಂಬ ಕಾರಣಕ್ಕಾಗಿಯೇ ಹಣ ಕೀಳುವ ಈ ಕ್ರಮ ತರ್ಕಶಾಸ್ತ್ರಕ್ಕೆ ನಮ್ಮ ಕಾಲದ ದೊಡ್ಡ ಕಾಣಿಕೆಯೆಂದು ನನ್ನ ಅಭಿಪ್ರಾಯ.

ಹೀಗೆ ಕಿತ್ತು ಕಿತ್ತು ಶೂನ್ಯದ ಕೆಳಗೂ ಇಳಿಯಬಹುದೇ ಎಂಬ ಪ್ರಶ್ನೆಯನ್ನು ರಿಸರ್ವ್ ಬ್ಯಾಂಕ್ 2014ರ ನವೆಂಬರ್‌ನಲ್ಲಿ ಕೈಗೆತ್ತಿಕೊಂಡಿತು. ಕನಿಷ್ಠ ಶಿಲ್ಕಿನ ದಂಡವೊಂದರಿಂದಲೇ ಉಳಿತಾಯ ಖಾತೆ ಶೂನ್ಯಕ್ಕಿಂತ ಕೆಳಗೆ ಹೋಗಕೂಡದೆಂದು ತೀರ್ಪಾಯಿತು. 2015ರ ಏಪ್ರಿಲ್ 1ರಿಂದ ಜಾರಿ. ಎರಡು ವರ್ಷ ವ್ಯವಹಾರವಿಲ್ಲದೆ ಮಲಗಿದ ಖಾತೆಗೆ ಈ ದಂಡವೇ ಇಲ್ಲ. ಕುಂಭಕರ್ಣ ಆರು ತಿಂಗಳಿಗೆ ಎದ್ದು ಎಡವಿದ; ಎರಡು ವರ್ಷ ಹೊರಳದೆ ಮಲಗಿದ್ದರೆ ಅವನೂ ಪಾರಾಗುತ್ತಿದ್ದ.

ಮುಖ್ಯ ಪಾಪಗಳು ಸಾಲದ ದಾರಿಯಲ್ಲಿ ಬರುತ್ತವೆ: ಕ್ರೆಡಿಟ್ ಕಾರ್ಡು, ಬೈಕಿನ ಇಎಂಐ, ಭಾವಮೈದುನನಿಗೆ ಹಾಕಿದ ಜಾಮೀನು. ಇವುಗಳ ಲೆಕ್ಕ ಇಡುವ, ಕ್ರೆಡಿಟ್ ಬ್ಯೂರೊಗಳೆಂಬ ಚಿತ್ರಗುಪ್ತರು ನಾಲ್ವರು. ಹಿರಿಯ, 2000ದಲ್ಲಿ ಸ್ಥಾಪನೆಯಾದ ಸಿಬಿಲ್. ಅಂಕ 300ರಿಂದ 900ರವರೆಗೆ. ಎಂಥ ಘೋರ ಪಾಪಿಗೂ 300 ಗ್ರೇಸ್ ಮಾರ್ಕ್ಸ್ ಕೊಡುವ ಈ ಔದಾರ್ಯವನ್ನು ನಮ್ಮ ಎಸ್‌ಎಸ್‌ಎಲ್‌ಸಿ ಮಂಡಳಿಯೂ ತೋರಿಲ್ಲ. ದಾಖಲೆಯನ್ನು ಕನಿಷ್ಠ ಏಳು ವರ್ಷ ಕಾಪಾಡಬೇಕೆಂಬುದು ನಿಯಮ. ಶನಿಯ ಕಾಟ ಏಳೂವರೆ ವರ್ಷ; ಆರು ತಿಂಗಳ ರಿಯಾಯಿತಿ ಸಿಕ್ಕಿತೆಂದು ಹಿಗ್ಗುವಂತಿಲ್ಲ, ಏಕೆಂದರೆ ‘ಕನಿಷ್ಠ’ ಎಂದಿದೆ. ಆದರೆ ಒಂದು ವಿಷಯದಲ್ಲಿ ಇವರು ಶನಿಗಿಂತ ವಾಸಿ. ತಪ್ಪಾಗಿ ಬರೆದದ್ದನ್ನು ತಿದ್ದಿರೆಂದು ದೂರು ಕೊಟ್ಟು 30 ದಿನ ಕಳೆದರೂ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿ ನಮಗೇ ಕೊಡಬೇಕು. 2024ರ ಏಪ್ರಿಲ್‌ನಿಂದ ಹೀಗೆ. ಪಕ್ಕದ ಮನೆಯವನ ಬದಲು ನನ್ನ ಜಾತಕಕ್ಕೆ ಹೊಕ್ಕ ಯಾವ ಗ್ರಹವೂ ಇದುವರೆಗೆ ದಿನಭತ್ಯೆ ಕೊಟ್ಟದ್ದಿಲ್ಲ.

ಇದಕ್ಕಿಂತ ಸೂಕ್ಷ್ಮವಾದದ್ದು ಪುಣ್ಯವಂತನ ಸಮಸ್ಯೆ. ಜೀವಮಾನದಲ್ಲಿ ಒಂದು ಪೈಸೆ ಸಾಲ ಮಾಡದೆ, ಮನೆಯನ್ನು ಕೂಡಿಟ್ಟ ದುಡ್ಡಿನಲ್ಲೇ ಕಟ್ಟಿಸಿ, ನಿವೃತ್ತಿಯ ಹಣ ಎಫ್‌ಡಿಯಲ್ಲಿಟ್ಟ ಎಚ್‌ಎಎಲ್‌ನ ಹಿರಿಯರಿಗೆ ಅಂಕವೇ ಇಲ್ಲ. ಅವರ ಜಾಗದಲ್ಲಿ ‘ಇತಿಹಾಸವಿಲ್ಲ’ ಎಂದು ಬರೆದಿರುತ್ತದೆ. ಹಿಂದಿನವರು ಇಂಥವರನ್ನು ಜೀವನ್ಮುಕ್ತ ಎನ್ನುತ್ತಿದ್ದರು. ಬ್ಯಾಂಕಿನ ಸಾಲದ ವಿಭಾಗ ಇವರನ್ನು ಅನುಮಾನದಿಂದ ನೋಡುತ್ತದೆ.

ಈಗ ಪೂರ್ವಪಕ್ಷ. ‘ಸಿಬಿಲ್ ಕೆಟ್ಟಿದೆ, ಆದ್ದರಿಂದ ಖಾತೆ ಸಿಗದು’ ಎನ್ನುತ್ತಾರೆ ಪಿಜಿಯ ರೂಮ್‌ಮೇಟ್ ಪಂಡಿತರು. ಸಿದ್ಧಾಂತ: ಅದು ಸಾಲದ ಅಳತೆ, ಉಳಿತಾಯದ್ದಲ್ಲ. ಉಳಿತಾಯ ಖಾತೆಗೆ ಬೇಕಾದದ್ದು ಕೆವೈಸಿ: ಆಧಾರ್, ಪ್ಯಾನ್, ಫೋಟೊ. ಹಿಂದೆ ಬ್ಯಾಂಕಿಗೆ ಮೂರುನಾಮ ಹಾಕಿದವನೂ ಇವನ್ನಿಟ್ಟುಕೊಂಡು ಬಂದರೆ ‘ಬನ್ನಿ’ ಎನ್ನಬೇಕು. ಒಂದೇ ಎಚ್ಚರ, ಬಾಕಿ ಉಳಿಸಿಕೊಂಡ ಬ್ಯಾಂಕಿನಲ್ಲೇ ಮತ್ತೆ ತೆರೆಯಬಾರದು. ಬಿದ್ದ ಸಂಬಳವನ್ನು ಹಳೆಯ ಬಾಕಿಗೆ ವಜಾ ಹಾಕಿಕೊಳ್ಳುವ ಹಕ್ಕು ಬ್ಯಾಂಕಿಗಿದೆ. ಹಾವಿನ ಹುತ್ತಕ್ಕೆ ತಾನೇ ಕೈಯಿಟ್ಟಂತೆ.

ಸಿದ್ಧಾಂತ ಇಷ್ಟು ಸ್ಪಷ್ಟ. ಆದರೆ ಗ್ರಂಥಸ್ಥ ಧರ್ಮ ಬೇರೆ, ಕೌಂಟರಿನ ಆಚಾರ ಬೇರೆ. ಕ್ಷೇತ್ರದ ಒಂದು ಶಾಖೆಯಲ್ಲಿ ನಡೆಯಬಹುದಾದ ವಾಕ್ಯಾರ್ಥದ ಮಾದರಿ:

“ಮೇಡಂ, ಜೀರೊ ಬ್ಯಾಲೆನ್ಸ್ ಅಕೌಂಟ್ ಬೇಕಿತ್ತು.”

“ಅದೆಲ್ಲ ಇಲ್ಲಿ ಇಲ್ಲ ಸಾರ್.”

“ರಿಸರ್ವ್ ಬ್ಯಾಂಕ್ ಸರ್ಕ್ಯುಲರ್ ಇದೆಯಲ್ಲ, 2012ರದ್ದು?”

“ಅದು ಇರುತ್ತೆ ಸಾರ್. ಫಾರಂ ಇಲ್ಲ.”

“ಫಾರಂ ಯಾವಾಗ ಬರುತ್ತೆ?”

“ಮ್ಯಾನೇಜರ್‌ನ ಕೇಳಿ. ಮೀಟಿಂಗಲ್ಲಿದ್ದಾರೆ. ಲಂಚ್ ಆದ್ಮೇಲೆ ಬನ್ನಿ.”

ಗಮನಿಸಬೇಕು: ಇಲ್ಲಿ ಯಾರೂ ಸರ್ಕ್ಯುಲರನ್ನು ಅಲ್ಲಗಳೆದಿಲ್ಲ. ಸತ್ಯ ಬೇರೆ ನೆಲೆಯಲ್ಲಿದೆ, ಫಾರಂ ಬೇರೆ ನೆಲೆಯಲ್ಲಿದೆ. ವ್ಯವಹಾರಸತ್ಯ ಮತ್ತು ಪರಮಾರ್ಥಸತ್ಯಗಳ ಈ ಭೇದವನ್ನು ವಿವರಿಸಲು ಶಂಕರರಿಗೆ ಭಾಷ್ಯಗಳೇ ಬೇಕಾದವು.

ಆ ಸುತ್ತೋಲೆಯಲ್ಲಿ ಇರುವುದು ಇದು. ‘ಮೂಲ ಉಳಿತಾಯ ಖಾತೆ’ ಎಲ್ಲರಿಗೂ ಸಿಗಬೇಕು, ಕನಿಷ್ಠ ಶಿಲ್ಕು ಬೇಡ, ಎಟಿಎಂ ಕಾರ್ಡು ಪುಕ್ಕಟೆ, ತಿಂಗಳಿಗೆ ನಾಲ್ಕು ಸಲ ಹಣ ತೆಗೆಯಬಹುದು. ಅದೇ ಬ್ಯಾಂಕಿನಲ್ಲಿ ಬೇರೆ ಉಳಿತಾಯ ಖಾತೆ ಇದ್ದರೆ 30 ದಿನದಲ್ಲಿ ಮುಚ್ಚಬೇಕು, ಏಕಪತ್ನೀವ್ರತ. ದಾಖಲೆಯೇ ಇಲ್ಲದವರಿಗೆ ‘ಸಣ್ಣ ಖಾತೆ’ ಉಂಟು, ಫೋಟೊ ಕೊಟ್ಟು, ಅಧಿಕಾರಿಯ ಕಣ್ಣೆದುರು ಸಹಿ ಹಾಕಿದರೆ ಇಲ್ಲವೇ ಹೆಬ್ಬೆಟ್ಟು ಒತ್ತಿದರೆ ಸಾಕು. ಅದರಲ್ಲಿ ಯಾವ ಹೊತ್ತಿಗೂ 50,000 ರೂಪಾಯಿ ಮೀರಬಾರದು. ಆ ಖಾತೆಯವರಿಗೆ ಈ ಷರತ್ತು ಪಾಲಿಸುವುದು ಬಹಳ ಸುಲಭ.

ಚೆಕ್ಕಿನ ವಿಷಯ ಸಂಕ್ಷೇಪವಾಗಿ: ಚೆಕ್ ಬೌನ್ಸ್ ಆದರೆ 138ನೇ ಸೆಕ್ಷನ್, ನೋಟಿಸು ತಲುಪಿ 15 ದಿನದಲ್ಲಿ ಹಣ ಕೊಡದಿದ್ದರೆ ಎರಡು ವರ್ಷದವರೆಗೆ ಸೆರೆಮನೆ, ಇಲ್ಲವೇ ಚೆಕ್ಕಿನ ಎರಡರಷ್ಟು ದಂಡ, ಅಥವಾ ಎರಡೂ. ಪ್ರಾಯೋಗಿಕ ಅಧ್ಯಯನಕ್ಕೆ ಯಾರೂ ಮುಂದೆ ಬಾರದ್ದರಿಂದ ಈ ಅಧ್ಯಾಯ ಚಿಕ್ಕದು.

ಕೊನೆಗೆ, ಪರಿಶಿಷ್ಟವಾಗಿ, ಕೆವೈಸಿ ಅರ್ಜಿಯ ಒಂದು ಕಲಂ: ಮದುವೆಗೆ ಮುಂಚಿನ ಹೆಸರು. ನಮ್ಮ ಹಿಂದನ್ನು ಬಗೆಯುವ ಬ್ಯಾಂಕುಗಳೇ ಈ ಕಲಂ ತುಂಬುವುದಾದರೆ? ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದ ಮನೆಯೊಳಗೆ 1913ರಲ್ಲಿ ವಿಶ್ವೇಶ್ವರಯ್ಯನವರ ಕಾಲದಲ್ಲಿ ಹುಟ್ಟಿದ ಮೈಸೂರು ಬ್ಯಾಂಕ್ ಇದೆ. ಬ್ಯಾಂಕ್ ಆಫ್ ಬರೋಡಾದೊಳಗೆ ವಿಜಯಾ. ಕೆನರಾದೊಳಗೆ ಪಿಗ್ಮಿ ಹುಂಡಿಯ ಉಡುಪಿಯ ಸಿಂಡಿಕೇಟ್. ಯೂನಿಯನ್ ಬ್ಯಾಂಕಿನೊಳಗೆ ಅದೇ ಉಡುಪಿಯ ಕಾರ್ಪೊರೇಷನ್. 2017, 2019, 2020, ಈ ಎಲ್ಲ ವಿಲೀನದ ಮದುವೆಗಳಿಗೂ ಮುಹೂರ್ತ ಏಪ್ರಿಲ್ 1. ಆ ದಿನದ ಖ್ಯಾತಿ ಪಂಚಾಂಗ ಬರೆದವರಿಗೆ ತಿಳಿದಿತ್ತೋ ಇಲ್ಲವೋ. ಹಳೆಯ ಬೋರ್ಡು ಇಳಿಸಿ ಹೊಸದು ಏರಿಸಿದ ಮೇಲೆ ವಸೂಲಾಗದ ಸಾಲಗಳೂ ಹೊಸ ಮನೆತನದ ಹೆಸರು ಪಡೆದವು. ಗ್ರಾಹಕನ ಬಾಕಿಗೆ ಮಾತ್ರ ಅವನ ಹಳೆಯ ಹೆಸರೇ ಉಳಿಯಿತು. ಅರ್ಜಿಯ ಆ ಕಲಂ ಒಂದೇ ಗೆರೆಯದು. ಇಷ್ಟು ಹೆಸರು ಹಿಡಿಯದು. ಪ್ರತ್ಯೇಕ ಹಾಳೆ ಲಗತ್ತಿಸಬೇಕು. ಹಾಳೆಗೆ ಶುಲ್ಕ, ಶುಲ್ಕಕ್ಕೆ ಜಿಎಸ್‌ಟಿ.