ಪ್ರಚಾರಯಿತ್ರೀ ಪ್ರತಿಭೆ: ಶಿವಮೊಗ್ಗ–ಭದ್ರಾವತಿ ಸೀಮೆಯ ಒಂದು ಚುನಾವಣಾ ಮೀಮಾಂಸೆ

1. ಪೀಠಿಕೆ

ಪ್ರತಿಭೆಯೆಂದರೆ ಏನೆಂದು ನಮ್ಮ ಕಾವ್ಯಮೀಮಾಂಸಕರು ಶತಮಾನಗಟ್ಟಲೆ ತಲೆ ಕೆಡಿಸಿಕೊಂಡರು. ರಾಜಶೇಖರನಂತೂ ಅದನ್ನು ಎರಡಾಗಿ ಸೀಳಿ, ಕಟ್ಟುವ ಕವಿಯದು ಕಾರಯಿತ್ರೀ, ಸವಿಯುವ ಸಹೃದಯನದು ಭಾವಯಿತ್ರೀ ಎಂದು ಹೆಸರಿಟ್ಟ. ದೊಡ್ಡವನೇ, ಸಂದೇಹವಿಲ್ಲ. ಆದರೆ ಚುನಾವಣೆಯ ವರ್ಷ ಶಿವಮೊಗ್ಗದ ಗೋಪಿ ವೃತ್ತದಲ್ಲಿ ನಿಂತು ಫ್ಲೆಕ್ಸ್ ಓದಿದವನಲ್ಲ. ಓದಿದ್ದರೆ ಮೂರನೆಯದೊಂದು ಅವನ ಕಣ್ಣಿಗೆ ಬೀಳದೆ ಇರುತ್ತಿರಲಿಲ್ಲ. ಆ ಮೂರನೆಯದಕ್ಕೆ ಈ ಪ್ರಬಂಧಕಾರ ವಿನಯಪೂರ್ವಕವಾಗಿ ‘ಪ್ರಚಾರಯಿತ್ರೀ’ ಎಂದು ನಾಮಕರಣ ಮಾಡಿದ್ದಾನೆ.

2. ಲಕ್ಷಣ

625ಕ್ಕೆ 600 ದಾಟಿದ ಮಗುವಿನಲ್ಲಿ ಹುಟ್ಟಿ, ಶಾಲು ಹೊದಿಸುವವನ ಮುಖದಲ್ಲಿ ಬೆಳಗುವುದೇ ಪ್ರಚಾರಯಿತ್ರೀ. ಇದರ ದೇಶ ಸಮುದಾಯ ಭವನ. ಕಾಲ ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನದಿಂದ ನೀತಿಸಂಹಿತೆ ಜಾರಿಯಾಗುವ ಹಿಂದಿನ ಸಂಜೆಯವರೆಗೆ. ಇದರ ಯಾಗಕ್ಕೆ ‘ಪ್ರತಿಭಾ ಪುರಸ್ಕಾರ’ ಎಂದು ಹೆಸರು. ವಿಧಿ ಹೀಗಿದೆ: ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ಮುಖ್ಯ ಅತಿಥಿಗಳು ಇನ್ನೂ ಬಾರದ ಕಾರಣ ಮತ್ತೊಂದು ಭಾವಗೀತೆ, ಅವರು ಬಂದ ಮೇಲೆ ಮತ್ತೊಮ್ಮೆ ಸ್ವಾಗತ, ಕಟ್ಟಕಡೆಗೆ ಮಗು. ನೆನಪಿನ ಕಾಣಿಕೆಯ ಮೇಲೆ ದಾನಿಯ ಹೆಸರು ಮಗುವಿನ ಹೆಸರಿಗಿಂತ ದಪ್ಪಗಿರತಕ್ಕದ್ದು.

ಕೃಷಿಶಾಸ್ತ್ರದ ದೃಷ್ಟಿಯಿಂದ ನೋಡಿದರೆ ಇದು ಬೆಳೆ ಮನೆಗೆ ಬಂದ ಮೇಲೆ ಗದ್ದೆಗೆ ಗೊಬ್ಬರ ಹಾಕುವ ಪದ್ಧತಿ. ಪುರಸ್ಕಾರಕ್ಕೆ ಪ್ರತಿಭೆ ಬೇಕು. ಪ್ರತಿಭೆಗೆ ಏನು ಬೇಕು ಎಂಬ ಪ್ರಶ್ನೆ ವಂದನಾರ್ಪಣೆಯಲ್ಲಿ ಕರಗಿಹೋಗುತ್ತದೆ.

3. ಪೂರ್ವಪಕ್ಷ

“ಚುರುಕು ಮಕ್ಕಳಿಗೆಂದೇ ವಿಶೇಷ ಶಿಕ್ಷಣ ಕೊಡುತ್ತೇವೆ ಎಂದು ಪ್ರಣಾಳಿಕೆಯಲ್ಲಿ ಬರೆದರೆ ಓಟು ಬರುತ್ತದೆಯೇ?” ಎಂಬುದು ಪ್ರತಿವಾದಿಯ ಆಕ್ಷೇಪ. ಬಲವಾದ ಆಕ್ಷೇಪವೇ. ಓಟಿಗೆ 18 ತುಂಬಬೇಕು. ನವೋದಯ ಪರೀಕ್ಷೆ ಬರೆಯುವ ಮಗು ಇನ್ನೂ ಐದನೇ ಕ್ಲಾಸು. ಅದು ಮತದಾರನಾಗುವ ಹೊತ್ತಿಗೆ ಭರವಸೆ ಕೊಟ್ಟವರು ಪಕ್ಷ ಬದಲಿಸಿರುತ್ತಾರೆ, ಮಗು ಬೆಂಗಳೂರು ಸೇರಿರುತ್ತದೆ.

4. ಸಿದ್ಧಾಂತ

ಗಾಜನೂರಿನಲ್ಲಿ ತುಂಗೆಯ ಅಣೆಕಟ್ಟೂ ಇದೆ, ಜವಾಹರ ನವೋದಯ ವಿದ್ಯಾಲಯವೂ ಇದೆ. ಅಣೆಕಟ್ಟು ತುಂಬಿದರೆ ಬಾಗಿನ. ವಿದ್ಯಾಲಯದ ಆರನೇ ತರಗತಿಗೆ 80 ಸೀಟು, ಪ್ರವೇಶ ಪರೀಕ್ಷೆಗೆ 80 ಪ್ರಶ್ನೆ, ಎರಡು ಗಂಟೆ. ಸೀಟಿಗೊಂದು ಪ್ರಶ್ನೆಯಂತೆ ಲೆಕ್ಕ ಚುಕ್ತಾ. ಸೀಟು ಸಿಗದ ಚುರುಕು ಮಕ್ಕಳು ಏನಾದರು ಎಂಬ 81ನೆಯ ಪ್ರಶ್ನೆ ಪಠ್ಯಕ್ರಮದ ಹೊರಗಿನದು.

ಇನ್ನು ಭದ್ರಾವತಿ, ಅಂದರೆ ಹಳೆಯ ಬೆಂಕಿಪುರ. 1923ರಲ್ಲಿ ಉತ್ಪಾದನೆ ಶುರುಮಾಡಿದ ಅಲ್ಲಿನ ಕಬ್ಬಿಣದ ಕಾರ್ಖಾನೆಯ ಪುನಶ್ಚೇತನ ಎಲ್ಲ ಪಕ್ಷಗಳ ಭಾಷಣದಲ್ಲೂ ಇದ್ದದ್ದೇ. ಆ ಕಾರ್ಖಾನೆಯ ಬೇರು ಒಬ್ಬ ಹುಡುಗನ ಫೀಸಿನಲ್ಲಿದೆ ಎಂಬುದು ಮಾತ್ರ ಭಾಷಣದಲ್ಲಿ ಇರುವುದಿಲ್ಲ. ಕಾರ್ಖಾನೆಯ ರೂವಾರಿ, ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯ ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡು, ಮನೆಪಾಠ ಹೇಳಿಕೊಂಡು 1881ರಲ್ಲಿ ಬೆಂಗಳೂರಿನಲ್ಲಿ ಬಿ.ಎ. ಮುಗಿಸಿದರು, ಮೈಸೂರು ಸರ್ಕಾರದ ನೆರವಿನಿಂದ ಪುಣೆಗೆ ಹೋಗಿ ಎಂಜಿನಿಯರಾದರು. ಆಗ ಪಡೆದವರಿಗೆ ಓಟಿರಲಿಲ್ಲ, ಕೊಟ್ಟವರಿಗೆ ಓಟು ಬೇಕಿರಲಿಲ್ಲ. ಶಾಲು ಹೊದಿಸಿ ಕಳಿಸಿದ್ದರೆ ಒಂದು ಫೋಟೋ ಆಗುತ್ತಿತ್ತು. ಫೀಸು ಕಟ್ಟಿದ್ದಕ್ಕೆ ಒಂದು ಊರೇ ಆಯಿತು.

5. ಕ್ಷೇತ್ರಕಾರ್ಯ

ಮಾದರಿಯ ಗಾತ್ರ: ಒಂದು. ಶಿವಮೊಗ್ಗದ ಗಣಿತದ ಮೇಷ್ಟ್ರೊಬ್ಬರಿಗೆ ಭದ್ರಾವತಿ ಕಡೆಯ ಶಾಲೆಯೊಂದರಲ್ಲಿ ಚುನಾವಣಾ ಡ್ಯೂಟಿ ಬಿತ್ತು. ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಮೇಷ್ಟ್ರುಗಳನ್ನು ಪಾಠ ಬಿಡಿಸಿ ಕರೆದೊಯ್ಯಬಹುದಾದದ್ದು ಜನಗಣತಿಗೆ, ವಿಪತ್ತು ಪರಿಹಾರಕ್ಕೆ ಮತ್ತು ಚುನಾವಣೆಗೆ. ಈ ಮೂರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದ ಶಾಸನಕಾರರ ಒಳನೋಟಕ್ಕೆ ಶರಣು.

ಹಿಂದಿನ ರಾತ್ರಿ ಬೆಂಚು ಜೋಡಿಸುವಾಗ ಮೇಷ್ಟ್ರು ಕರಿಹಲಗೆ ನೋಡಿದರು. ಮೂಲೆಯಲ್ಲಿ ಯಾವುದೋ ಮಗು ಸೀಮೆಸುಣ್ಣದಲ್ಲಿ ಚುಕ್ಕಿ ಇಟ್ಟಿತ್ತು: ಮೊದಲು ಒಂದು, ಅದರ ಎರಡು ಬದಿಗೆ ಕಟ್ಟೆ ಕಟ್ಟಿದಂತೆ ಮೂರು, ಆಮೇಲೆ ಐದು, ಏಳು, ಹೀಗೆ 13ರವರೆಗೆ. ಕಟ್ಟೆ ಹಾಕಿದಷ್ಟೂ ಚೌಕವೇ. ಬೆಸಸಂಖ್ಯೆಗಳನ್ನು ಸಾಲಾಗಿ ಕೂಡಿದರೆ ವರ್ಗಸಂಖ್ಯೆ ಬರುತ್ತದೆಂದು ಮಗು ತಾನೇ ಕಂಡುಕೊಂಡಂತಿತ್ತು. ಪಕ್ಕದಲ್ಲಿ ಯಾರ ‘ರೈಟ್’ ಗುರುತೂ ಇರಲಿಲ್ಲ.

“ಯಾರು ಬರ್ದಿದ್ದು ಅಂತ ಕೇಳಣ ಅಂದ್ರೆ ಶಾಲೇಲಿ ಒಂದು ಮಗೂನೂ ಇಲ್ಲ ಮಾರಾಯ್ರೆ,” ಎಂದರು ಮೇಷ್ಟ್ರು. ಅಭ್ಯರ್ಥಿಗಳ ಪಟ್ಟಿ ಅಂಟಿಸಲು ಸಹೋದ್ಯೋಗಿಗೆ ಆ ಮೂಲೆಯೇ ಬೇಕಿತ್ತು. ಅಂಟಿಸಿದರು.

6. ಉಪಸಂಹಾರ

ಬೆಳಿಗ್ಗೆ ಏಜೆಂಟರ ಎದುರು ಅಣಕು ಮತದಾನ ನಡೆಯಿತು. ನಿಯಮದಂತೆ ಕನಿಷ್ಠ 50 ಮತ ಹಾಕಿ, ಎಣಿಸಿ, ಯಂತ್ರವನ್ನು ಮತ್ತೆ ಸೊನ್ನೆಗೆ ತಂದು ಸೀಲು ಮಾಡಿದರು. ಈ ಅಣಕು ಪ್ರಬಂಧವೂ ಅಲ್ಲಿಗೇ ನಿಲ್ಲುತ್ತದೆ. ಪಟ್ಟಿಯ ಹಿಂದಿದ್ದ ಚುಕ್ಕಿಗಳನ್ನು ಮೇಷ್ಟ್ರು ರಾತ್ರಿಯೇ ಎಣಿಸಿದ್ದರು: ಏಳೇಳಲೆ 49. ಅಣಕು ಮತದಾನಕ್ಕೂ ಒಂದು ಕಡಿಮೆ.